ನೆಲದ ಮೇಲಿನವರ ಪ್ರಶ್ನೆಪತ್ರಿಕೆ

ಒಲೀಟಾ ಸ್ಟಿಡಮ್ ಹದಿನೆಂಟು ವರ್ಷ ಕಲ್ಲಿದ್ದಲ ಗಣಿಯಲ್ಲಿ ದುಡಿದವಳು. ಭೂಮಿಯ ಹೊಟ್ಟೆಯೊಳಗೇ ಬುತ್ತಿ ಬಿಚ್ಚಿ ಉಂಡಿದ್ದಾಳೆ, ಅಲ್ಲೇ ಜಗಳವಾಡಿದ್ದಾಳೆ, ಒಂದು ಸಲ ಅಲ್ಲೇ ಸಾಯುವುದಿತ್ತು, ಹೇಗೋ ತಪ್ಪಿತು. ಇಂಥವಳಿಗೆ ಭೂಮಿಯ ವಿಷಯ ಏನೇನೂ ಗೊತ್ತಿಲ್ಲ ಎಂದು ಸರ್ಕಾರ ಒಂದಲ್ಲ, ಎರಡು ಸಲ ಪತ್ರ ಬರೆದು ತಿಳಿಸಿತು. ಪತ್ರದ ಕೊನೆಗೆ 'ನಿಮಗೆ ಶುಭವಾಗಲಿ' ಅಂತಲೂ ಇತ್ತು. ಮರ್ಯಾದೆಗೇನೂ ಕೊರತೆ ಮಾಡಲಿಲ್ಲ.

ಅಮೆರಿಕದ ಈ ಪೂರ್ವ ಕೆಂಟಕಿಯ ಗುಡ್ಡಗಳ ನಡುವಿನ ಪಿಜನ್ ಫೋರ್ಕ್ ಊರಿನಲ್ಲಿ ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡವರಿಗೆಲ್ಲ ಸರ್ಕಾರ ಪುಕ್ಕಟೆ ಓದಿನ ಯೋಜನೆ ತಂದಿತು. ಗಂಡಸರೆಲ್ಲ ಲಾರಿ ಓಡಿಸುವುದು ಕಲಿತು ಊರು ಬಿಟ್ಟರು. ಒಲೀಟಾ ಮಾತ್ರ ಹೈಸ್ಕೂಲಿನ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿ, ಸಂಜೆ ಹೊತ್ತು ಮನೆಯ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಏಳು ವರ್ಷದಲ್ಲಿ ಒಂದು ಡಿಗ್ರಿ ಮುಗಿಸಿಬಿಟ್ಟಳು. ಅದು ಕಷ್ಟ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ಆಯಿತು.

ಆ ವರ್ಷ ಭೂಮಿ ಮತ್ತು ಆಕಾಶ ವಿಜ್ಞಾನ ಹೇಳಿಕೊಡಲು ಬಯಲುಸೀಮೆಯಿಂದ ಒಬ್ಬ ಹುಡುಗ ಮೇಷ್ಟ್ರು ಬಂದಿದ್ದ. ಆಗಸ್ಟಿನಲ್ಲಿ ಬಂದ, ಅಕ್ಟೋಬರಿನ ಒಂದು ಸೋಮವಾರ ಬರಲಿಲ್ಲ. ಮೇಜಿನ ಮೇಲೆ ಅರ್ಧ ಕುಡಿದ ಕಾಫಿ ಲೋಟ ಹಾಗೇ ಇತ್ತು. ಹೆಡ್‌ಮಾಸ್ಟರ್ ಡ್ವೇನ್ ರ್ಯಾಟ್ಲಿಫ್ ಮೂರು ದಿನ ಕಾದು, ನಾಲ್ಕನೆಯ ದಿನ ನೇರ ಅಡುಗೆಮನೆಗೆ ಬಂದರು.

"ಒಲೀಟಾ, ನೀನು ಡಿಗ್ರಿ ಮಾಡಿದೀಯಂತೆ, ಹೌದಾ?"

"ಹೌದು ಸಾರ್. ಯಾಕೆ, ಇವತ್ತು ಕಾಳು ಸರಿಯಾಗಿ ಬೆಂದಿಲ್ವಾ?"

"ಗಣೀಲೂ ಇದ್ದೆ ಅಲ್ವಾ ನೀನು?"

"ಇದ್ದೆ."

"ಮತ್ತಿನ್ನೇನು. ಭೂವಿಜ್ಞಾನ ಅಂದ್ರೆ ಅದೇ ತಾನೆ. ಕೈ ಒರೆಸ್ಕೊಂಡು ಬಾ."

"ಆಕಾಶದ ಪಾಠನೂ ಇದೆಯಂತಲ್ಲ ಸಾರ್."

"ಅದು ಪುಸ್ತಕದ ಕೊನೇಲಿದೆ. ಅಲ್ಲೀವರೆಗೂ ಇನ್ನೂ ಯಾರೂ ಹೋಗಿಲ್ಲ."

ಹೀಗೆ ಒಲೀಟಾ ಕೂದಲು ಉದುರದಂತೆ ತಲೆಗೆ ಹಾಕಿದ್ದ ಅಡುಗೆಯವರ ಬಲೆ ತೆಗೆದು ಮೇಷ್ಟ್ರಮ್ಮ ಆದಳು. ಕೊಟ್ಟದ್ದು ತಾತ್ಕಾಲಿಕ ಪರವಾನಗಿ. ಜೂನ್ ಕೊನೆಯೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾದರೆ ಕೆಲಸ ಕಾಯಂ. ಇಲ್ಲದಿದ್ದರೆ ಆ ತರಗತಿಗೆ ತಾನೇ ಪಾಠ ಹೇಳುವ ಲ್ಯಾಪ್‌ಟಾಪುಗಳು ಬರುತ್ತವೆ, ಹುಡುಗರು ಹೊಡೆದಾಡದಂತೆ ನೋಡಿಕೊಳ್ಳಲು ದೊಡ್ಡವರೊಬ್ಬರು ಮೂಲೆಯಲ್ಲಿ ಕೂತರೆ ಸಾಕು. ಆ ಕೂರುವ ಕೆಲಸಕ್ಕೂ ಮೇಲಿನವರು ಒಲೀಟಾಳ ಹೆಸರನ್ನೇ ಯೋಚಿಸಿದ್ದರಂತೆ. ದಯಾವಂತರು.

ಅವಳಿಗೆ ಆ ತರಗತಿ ಬೇಕಾಗಿತ್ತು, ಅಷ್ಟೆ. ಸಂಬಳ ಅಡುಗೆಮನೆಯದಕ್ಕಿಂತ ಜಾಸ್ತಿ, ಸುಳ್ಳಲ್ಲ. ಆದರೆ ಮಾತು ಅದಲ್ಲ. ಮೊದಲನೆಯ ವಾರ ಅವಳು ಗಣಿಯ ಹೊರಗೆ ಗುಡ್ಡೆ ಹಾಕಿದ್ದ ಕಲ್ಲುಚೂರು ಒಂದು ಬಕೆಟ್ ತುಂಬ ತಂದು ಮೇಜಿನ ಮೇಲೆ ಸುರಿದಳು. ಒಂದೊಂದರ ಮೇಲೂ ಜರೀಗಿಡದ ಎಲೆ ಅಚ್ಚೊತ್ತಿದ ಹಾಗೆ ಇತ್ತು. ಟೆಸ್ಸಾ ಎಂಬ ಹುಡುಗಿ, ದಿನವೂ ಹಿಂದಿನ ಬೆಂಚಿನಲ್ಲಿ ತಲೆಯಿಟ್ಟು ಮಲಗುವವಳು, ಎದ್ದು ಬಂದು ಒಂದನ್ನು ಕೈಗೆತ್ತಿಕೊಂಡು, "ಇಂಥದ್ದೇ ನಮ್ಮನೆ ಬಾಗಿಲಿಗೆ ಒತ್ತು ಕೊಟ್ಟಿದೀವಿ ಮಿಸ್," ಅಂದಳು. ಅದಕ್ಕೆ ಮೂವತ್ತು ಕೋಟಿ ವರ್ಷ ವಯಸ್ಸು ಅಂತ ಒಲೀಟಾ ಹೇಳಿದಾಗ ಆ ಹುಡುಗಿ ಕಲ್ಲನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ಅವಳು ಆ ಮೇಲೆ ತರಗತಿಯಲ್ಲಿ ಮಲಗಲಿಲ್ಲ. ತಮ್ಮ ಮನೆ ಹಿತ್ತಿಲಲ್ಲಿರುವುದೂ ವಿದ್ಯೆಯೇ ಎಂದು ಈ ಮಕ್ಕಳಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅದನ್ನು ಹೇಳಲು ಒಬ್ಬರು ಬೇಕು, ಅದು ತಾನೇ ಆಗಬೇಕು ಎಂದು ಒಲೀಟಾ ಐವತ್ತೆರಡನೆಯ ವಯಸ್ಸಿನಲ್ಲಿ ಹಟ ಹಿಡಿದಳು.

ಪರೀಕ್ಷೆಯ ಪುಸ್ತಕ ಬಂತು. ತೂಕ ನೋಡಿದರೆ ಅದೇ ಒಂದು ಬಂಡೆ. ಜನವರಿಯ ಚಳಿಯಲ್ಲಿ ಒಲೆಯ ಪಕ್ಕ ಕೂತು ಓದಿದ್ದೇ ಓದಿದ್ದು. ಅವಳ ಜೊತೆಗಿದ್ದವಳು ಎಂಬತ್ತು ದಾಟಿದ ಜೆಲ್ಲಾ ಚಿಕ್ಕಮ್ಮ. ಶವಪೆಟ್ಟಿಗೆ ಅಂಗಡಿಯವರು ವರ್ಷಾ ವರ್ಷಾ ಪುಕ್ಕಟೆ ಕೊಡುವ ಕ್ಯಾಲೆಂಡರಿನಲ್ಲಿ ಚಂದ್ರ ಯಾವ ದಿನ ಯಾವ ರಾಶಿಯಲ್ಲಿ, ಆ ರಾಶಿ ಮೈಯ ಯಾವ ಭಾಗದಲ್ಲಿ ಎಂದು ನೋಡದೆ ಈ ಮುದುಕಿ ಆಲೂಗಡ್ಡೆ ನೆಡುವವಳಲ್ಲ, ಹಲ್ಲೂ ಕೀಳಿಸುವವಳಲ್ಲ.

"ರಾಶಿ ತಲೇಲಿರೋ ದಿನ ತಲೆ ಕೆಲಸಕ್ಕೆ ಹೋಗ್ಬೇಡ ಕಣೇ. ಮಂಡೀಲಿದ್ದಾಗ ಹೋಗು."

"ಚಿಕ್ಕಮ್ಮ, ಆಲೂಗಡ್ಡೆಗೂ ಚಂದ್ರಂಗೂ ಏನೂ ಸಂಬಂಧ ಇಲ್ಲ ಅಂತ ಈ ಪುಸ್ತಕದಲ್ಲಿ ಬರೆದಿದಾರೆ."

"ಬರೀಲಿ ಬಿಡು. ನಮ್ಮ ಆಲೂಗಡ್ಡೆ ಆ ಪುಸ್ತಕ ಓದಿಲ್ಲ."

ಚಂದ್ರನ ಅಧ್ಯಾಯ ಒಲೀಟಾಳಿಗೆ ಓದಬೇಕಾಗಲೇ ಇಲ್ಲ. ಬೆಳೆಯುವ ಚಂದ್ರ ಯಾವ ಹೊತ್ತಿಗೆ ಮೂಡುತ್ತಾನೆ, ಕರಗುವವನು ಯಾವ ಹೊತ್ತಿಗೆ ಮುಳುಗುತ್ತಾನೆ ಎಂದು ಅವಳು ಬೀನ್ಸ್ ಬಿತ್ತುತ್ತ ಕಲಿತಿದ್ದಳು. ಕಷ್ಟವಾದದ್ದು ತನಗೆ ಚೆನ್ನಾಗಿ ಗೊತ್ತಿದ್ದ ಅಧ್ಯಾಯಗಳು.

ಪರೀಕ್ಷಾ ಕೇಂದ್ರ ಎರಡೂವರೆ ಗಂಟೆ ದೂರದ ದೊಡ್ಡ ಊರಿನಲ್ಲಿ. ಜೇಬು ಹೊರಗೆ ಎಳೆದು ತೋರಿಸಬೇಕು, ತೋಳು ಮಡಚಬೇಕು, ಕನ್ನಡಕ ಬಿಚ್ಚಿ ಕೊಡಬೇಕು. ಅದರೊಳಗೆ ಹಿಮಾಲಯದ ಎತ್ತರ ಬರೆದುಕೊಂಡಿದ್ದರೆ? ಎಲ್ಲ ಮುಗಿದು ಒಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತು ಸೂರನ್ನು ನೋಡತೊಡಗಿದಳು. ಈ ಮೂಲೆಯಿಂದ ಆ ಮೂಲೆಗೆ, ನಿಧಾನ. ಗಣಿಯಲ್ಲಿ ಮೊದಲು ಸೂರು ನೋಡಿ ಆಮೇಲೆ ಕೂರುವುದು. ನೋಡದೆ ಕೂತವರಲ್ಲಿ ಕೆಲವರು ಆಮೇಲೆ ಏಳಲಿಲ್ಲ.

"ಮೇಡಂ, ಮೇಲೇನು ನೋಡ್ತಿದೀರಿ?" ಕಾವಲಿನ ಹುಡುಗಿ ಕೇಳಿದಳು.

"ಸೂರು."

"ಯಾಕೆ?"

"ಬೀಳುತ್ತಾ ಅಂತ."

ಆ ಹುಡುಗಿ ತನ್ನ ಹಾಳೆಯಲ್ಲಿ ಏನೋ ಬರೆದುಕೊಂಡಳು. ಒಳ್ಳೆಯದೇನೂ ಬರೆದಿರಲಾರಳು.

ಕಂಪ್ಯೂಟರಿನ ಮೇಲೆ ಪ್ರಶ್ನೆ ಬಂತು: ನೆಲದಡಿಗೆ ಹೋದಂತೆ ಉಷ್ಣತೆ ಏನಾಗುತ್ತದೆ? ಒಲೀಟಾಳಿಗೆ ನಗು ಬಂತು. ಇದನ್ನೂ ಕೇಳುತ್ತಾರೆಯೇ? ಹೊರಗೆ ಹಿಮ ಬೀಳಲಿ, ಬೆವರು ಸುರಿಯಲಿ, ಒಳಗೆ ಹದಿನೆಂಟು ವರ್ಷವೂ ಒಂದೇ ತಂಪು. ಜುಲೈ ತಿಂಗಳಲ್ಲೂ ಅವಳು ದಪ್ಪ ಅಂಗಿ ಹಾಕಿಕೊಂಡೇ ಹೋದವಳು. 'ಬದಲಾಗುವುದಿಲ್ಲ' ಎಂಬುದಕ್ಕೆ ಗುರುತು ಹಾಕಿದಳು. ಪುಸ್ತಕದಲ್ಲಿ ಬೇರೆ ಓದಿದ್ದಳು, ಓದಿದ್ದು ನೆನಪೂ ಇತ್ತು. ಆದರೆ ಅದನ್ನು ಬರೆದವರು ಒಳಗೆ ಹೋಗಿರಲಿಲ್ಲ, ಇವಳು ಹೋಗಿದ್ದಳು. ಹೀಗೆ ಕಣ್ಣಾರೆ ಕಂಡದ್ದನ್ನು ನಂಬಿ, ಗಾಳಿಯ ಬಗ್ಗೆ, ಅಂತರ್ಜಲದ ಬಗ್ಗೆ, ಮಂಜಿನ ಬಗ್ಗೆ, ಒಟ್ಟು ಹತ್ತು ಹದಿನೈದು ಪ್ರಶ್ನೆಗೆ ಪುಸ್ತಕವನ್ನು ತಿದ್ದಿದಳು.

ಎರಡು ವಾರಕ್ಕೆ ಮೊದಲ ಪತ್ರ ಬಂತು. ನಪಾಸು.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಅವಳ ಗಣಿ ಗುಡ್ಡದ ಪಕ್ಕೆಗೆ ಕೊರೆದದ್ದು. ಮೈಲಿಗಟ್ಟಲೆ ಒಳಕ್ಕೆ ಹೋದರೂ ಆಳ ನೋಡಿದರೆ ಏನೂ ಅಲ್ಲ. ನಿಜವಾಗಿ ಕೆಳಕ್ಕೆ ಇಳಿದರೆ ಸುಡುತ್ತದೆ, ಪುಸ್ತಕ ಹೇಳಿದ್ದೇ ಸರಿ. ಆ ಪ್ರಶ್ನೆಯಲ್ಲಿ ತಪ್ಪಿದ್ದು ತಾನೇ ಎಂದು ತಿಳಿದಾಗ ಒಲೀಟಾಳಿಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು. ಹದಿನೆಂಟು ವರ್ಷ ಭೂಮಿಯ ಒಳಗಿದ್ದೆ ಎಂದುಕೊಂಡವಳು ಬರೀ ಸಿಪ್ಪೆಯಲ್ಲಿ ಓಡಾಡಿದ್ದಳು.

ಇನ್ನು ಎರಡನೆಯ ಸಲ ಏಪ್ರಿಲ್‌ನಲ್ಲಿ. ಈ ಸಲ ಪುಸ್ತಕ ಬಾಯಿಪಾಠ. ರ್ಯಾಟ್ಲಿಫ್ ಸಾಹೇಬರು ಕಾರಿಡಾರಿನಲ್ಲಿ ಸಿಕ್ಕಾಗಲೆಲ್ಲ ಒಂದೊಂದು ಪ್ರಶ್ನೆ ಎಸೆಯುತ್ತಿದ್ದರು, ಉತ್ತರ ಸರಿಯೋ ತಪ್ಪೋ ಅವರಿಗೆ ಗೊತ್ತಾಗುತ್ತಿರಲಿಲ್ಲವಾದ್ದರಿಂದ ಎಲ್ಲದಕ್ಕೂ "ಭೇಷ್" ಅನ್ನುತ್ತಿದ್ದರು. ಅರ್ಧದವರೆಗೆ ಪರೀಕ್ಷೆ ನೀರು ಕುಡಿದಷ್ಟು ಸಲೀಸಾಗಿ ಹೋಯಿತು. ಐವತ್ತೆರಡನೆಯ ಪ್ರಶ್ನೆಗೆ ಒಂದು ಚಿತ್ರವಿತ್ತು. ಪದರ ಪದರ ಕಲ್ಲು, ಅದರ ನಡುವೆ ನೆಟ್ಟಗೆ ನಿಂತ ಮರದ ಬೊಡ್ಡೆ, ಅದೂ ಕಲ್ಲಾಗಿದೆ. ಇದರಿಂದ ಏನು ತಿಳಿಯುತ್ತದೆ?

ಗಣಿಯವರು ಅದನ್ನು ಹಂಡೆತಳ ಅನ್ನುತ್ತಾರೆ. ಕೆಳಗೆ ನಿಂತು ನೋಡಿದರೆ ಸೂರಿನಲ್ಲಿ ಹಂಡೆಯ ತಳದಷ್ಟು ಗುಂಡನೆಯ ಗುರುತು, ಅಷ್ಟೇ ಕಾಣುವುದು. ಸುತ್ತ ತೊಗಟೆಯಿದ್ದ ಜಾಗ ನುಣುಪು, ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಒಂದು ದಿನ ಸದ್ದಿಲ್ಲದೆ ಜಾರಿ ಬೀಳುತ್ತದೆ. ಒಲೀಟಾಳ ಅಣ್ಣ ಹೋಬರ್ಟ್ ಮೇಲೆ ಬಿದ್ದದ್ದು ಬುಧವಾರ, ಊಟದ ಹೊತ್ತಿಗೆ. ಅವಳು ಇಪ್ಪತ್ತು ಅಡಿ ದೂರದಲ್ಲಿದ್ದಳು.

ಪ್ರಶ್ನೆಯ ಉತ್ತರ ಅವಳಿಗೆ ಗೊತ್ತಿತ್ತು. ಮರ ನಿಂತಿದ್ದ ಹಾಗೆಯೇ ಮಣ್ಣು ಬೇಗ ಬೇಗ ಬಂದು ಮುಚ್ಚಿತು ಎಂದು ಅರ್ಥ. ಆದರೆ ಗುರುತು ಹಾಕಲು ಕೈ ಏಳಲಿಲ್ಲ. ಚಿತ್ರ ನೋಡುತ್ತ ಕೂತುಬಿಟ್ಟಳು. ಅಣ್ಣನ ಮೇಲೆ ಅವಳಿಗೆ ಪ್ರಾಣ. ಗಣಿಗೆ ಸೇರಿದ ಹೊಸದರಲ್ಲಿ ಹೆಂಗಸು ಅಂತ ಗಂಡಸರು ಕುಚೋದ್ಯ ಮಾಡಿದಾಗ ಅವಳ ಪಕ್ಕಕ್ಕೆ ಬಂದು ಕೂತು ಬುತ್ತಿ ಬಿಚ್ಚಿದವನು ಅವನೊಬ್ಬನೇ. ಕಂಪ್ಯೂಟರಿನ ಮೂಲೆಯ ಗಡಿಯಾರಕ್ಕೆ ಹೋಬರ್ಟ್ ಯಾರು ಅಂತ ಗೊತ್ತಿಲ್ಲ, ಅದು ತನ್ನ ಪಾಡಿಗೆ ಓಡಿತು. ಕೊನೆಗೆ ಹನ್ನೊಂದು ಪ್ರಶ್ನೆ ಮುಟ್ಟದೆ ಉಳಿದವು.

ಎರಡನೆಯ ಪತ್ರ ಬಂದ ದಿನ ಅವಳು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಅತ್ತಳು. ಜೆಲ್ಲಾ ಚಿಕ್ಕಮ್ಮ ಬೀನ್ಸ್ ನಾರು ತೆಗೆಯುತ್ತ ಪಕ್ಕದಲ್ಲಿ ಕೂತಿದ್ದಳು. ಸಮಾಧಾನ ಮಾಡುವುದು ಅವಳ ಜಾಯಮಾನದಲ್ಲಿಲ್ಲ.

"ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ," ಅಂದಳು ಮುದುಕಿ. "ಆ ಪ್ರಶ್ನೆ ಬರೆಯೋನು ಯಾರೇ?"

"ಯಾರಿಗ್ಗೊತ್ತು ಚಿಕ್ಕಮ್ಮ. ಯಾವುದೋ ಕಂಪನಿಯೋನು."

"ಅವನಿಗೆ ನಿನಗೇನು ಗೊತ್ತು ಅನ್ನೋದು ಬೇಕಾಗಿಲ್ಲ ಕಣೇ. ಅವನಿಗೇನು ಗೊತ್ತೋ ಅದನ್ನ ನಿನ್ನ ಬಾಯಲ್ಲಿ ಕೇಳಬೇಕು, ಅಷ್ಟೆ. ಅವನ ಮಾತನ್ನೇ ಅವನಿಗೆ ವಾಪಸು ಕೊಡು. ನಿಮ್ಮ ಚಿಕ್ಕಪ್ಪನ ಜೊತೆ ನಲವತ್ತೊಂದು ವರ್ಷ ನಾನು ಹಂಗೇ ಬಾಳಿದ್ದು."

ಒಲೀಟಾ ಮೂಗು ಒರೆಸಿಕೊಂಡಳು. ಅವತ್ತೇ ಅವಳು ಆ ಪ್ರಶ್ನೆ ಬರೆಯುವವನಿಗೆ ಕೆವಿನ್ ಎಂದು ಹೆಸರಿಟ್ಟಳು.

ಕೆವಿನ್ ಇಸ್ತ್ರಿ ಅಂಗಿಯವನು. ಕೆವಿನ್ ಇರುವ ಊರು ಚಪ್ಪಟೆ. ಗುಡ್ಡ ನೋಡಿದ್ದಾನೆ, ವಿಮಾನದ ಕಿಟಕಿಯಿಂದ. ಉಗುರಿನ ಸಂದಿಗೆ ಮಣ್ಣು ಹೋದರೆ ಕೆವಿನ್‌ಗೆ ನಿದ್ದೆ ಬರುವುದಿಲ್ಲ. ಆದರೆ ಪಾಪ, ಕೆಟ್ಟವನಲ್ಲ, ತನ್ನ ಪುಸ್ತಕದಲ್ಲಿರುವುದನ್ನೆಲ್ಲ ನಂಬುತ್ತಾನೆ. ಮೇ ತಿಂಗಳೆಲ್ಲ ಒಲೀಟಾ ಕೆವಿನ್‌ನ ಜೊತೆ ಸಂಸಾರ ಮಾಡಿದಳು. ಪ್ರತಿಯೊಂದು ಪ್ರಶ್ನೆಗೂ ತನಗೆ ಏನು ಅನ್ನಿಸುತ್ತದೆ ಎಂದು ಕೇಳಿಕೊಳ್ಳುವುದನ್ನು ಬಿಟ್ಟು, ಇದಕ್ಕೆ ಕೆವಿನ್ ಏನನ್ನುತ್ತಾನೆ ಎಂದು ಯೋಚಿಸುವುದು. ಜೆಲ್ಲಾ ಚಿಕ್ಕಮ್ಮ ಪುಸ್ತಕ ಹಿಡಿದು ಪ್ರಶ್ನೆ ಓದುವಳು.

"ಗುಡ್ಡದ ಮೇಲ್ಭಾಗ ತೆಗೆದು ಕಲ್ಲಿದ್ದಲು ತೆಗೆಯೋದರಿಂದ ಅನುಕೂಲ ಏನು ಅಂತೆ."

"ಅನುಕೂಲನಾ? ಕಂಪನಿಗೆ..."

"ನೀನು ಬೇಡ ಕಣೇ, ಅವನು ಏನಂತಾನೆ ಹೇಳು."

"ಖರ್ಚು ಕಡಿಮೆ. ಕೆಲಸದವರಿಗೆ ಅಪಾಯ ಕಡಿಮೆ."

"ಸರಿ ಇದೆ ನೋಡು. ಈಗ ನಿನಗೆ ಬುದ್ಧಿ ಬಂತು."

ಜೂನಿನಲ್ಲಿ ಮೂರನೆಯ ಸಲ ಹೋದಳು. ಸೂರು ನೋಡದೆ ನೇರ ಹೋಗಿ ಕುರ್ಚಿಯಲ್ಲಿ ಕೂತಳು. ಕೆವಿನ್ ಅಲ್ಲೇ ಪಕ್ಕದಲ್ಲಿ ಕೂತು ಹೇಳಿಕೊಟ್ಟಂತೆ ಗುರುತು ಹಾಕುತ್ತ ಹೋದಳು. ಎಲ್ಲೂ ಅನುಮಾನ ಬರಲಿಲ್ಲ, ಎಲ್ಲೂ ನಗು ಬರಲಿಲ್ಲ, ಯಾರೂ ನೆನಪಾಗಲಿಲ್ಲ. ಅರ್ಧ ಗಂಟೆ ಮಿಕ್ಕಿತು.

ಪಾಸಾದಳು, ಅದೂ ಭರ್ಜರಿಯಾಗಿ. ನಮ್ಮ ಜಿಲ್ಲೆಯಲ್ಲಿ ಆ ಪರೀಕ್ಷೆಗೆ ಅಷ್ಟು ಅಂಕ ಬಂದದ್ದು ಅದೇ ಮೊದಲಂತೆ. ಅಡುಗೆಮನೆಯ ಹೆಂಗಸರು ಸಕ್ಕರೆ ಲೇಪಿಸಿದ ದೊಡ್ಡ ಕೇಕು ಮಾಡಿದರು. ಇಷ್ಟು ದಿನ ಏಕವಚನದಲ್ಲಿ ಕರೆಯುತ್ತಿದ್ದ ರ್ಯಾಟ್ಲಿಫ್ ಸಾಹೇಬರ ನಾಲಿಗೆಯೂ ತಿರುಗಿತು.

"ಸ್ಟಿಡಮ್ ಮೇಡಂ, ನೀವು ಸ್ಕೂಲಿನ ಮರ್ಯಾದೆ ಉಳಿಸಿದ್ರಿ. ಒಂದು ಮಾತು. ಈ ವರ್ಷದಿಂದ ಮಕ್ಕಳ ಟೆಸ್ಟಿಗೂ ಮೇಲಿಂದಲೇ ಪ್ರಶ್ನೆ ಬರುತ್ತೆ, ಉತ್ತರದ ಪಟ್ಟಿನೂ ಬರುತ್ತೆ. ಆ ಪಟ್ಟಿ ನೋಡ್ಕೊಂಡು ತಿದ್ದಿದರಾಯ್ತು. ನಿಮಗೆ ಅದು ಹೇಳಿಕೊಡಬೇಕಾ, ನೂರು ಪ್ರಶ್ನೆ ಹೊಡೆದು ಬಂದೋರು ನೀವು."

ಒಲೀಟಾ ಕೇಕು ತಿಂದಳು. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತಗುಲಿ ಹಾಕಿದಳು. ಎಷ್ಟು ಹೆಮ್ಮೆಯಾಯಿತೆಂದರೆ, ಮನೆಗೆ ಬಂದವರೆಲ್ಲ ಅದನ್ನು ನೋಡದೆ ಕಾಫಿ ಕುಡಿಯುವಂತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಮೊದಲ ಟೆಸ್ಟು ನಡೆಯಿತು. ಊಟದ ಬಿಡುವಿನಲ್ಲಿ ಕಾಳು, ಮೆಕ್ಕೆಜೋಳದ ಬ್ರೆಡ್ಡು ತಿನ್ನುತ್ತ ಒಲೀಟಾ ಪಟ್ಟಿ ನೋಡಿ ಹಾಳೆ ತಿದ್ದುತ್ತಿದ್ದಳು. ಏಳನೆಯ ಪ್ರಶ್ನೆ: ಕಿರಿದಾದ ಕಣಿವೆಗಳ ಹಳ್ಳದಲ್ಲಿ ನೀರು ದಿಢೀರನೆ ಏರಲು ಕಾರಣವೇನು? ಪಟ್ಟಿಯಲ್ಲಿದ್ದ ಉತ್ತರ: ಕಡಿದಾದ ಇಳಿಜಾರು ಮತ್ತು ಭಾರಿ ಮಳೆ. ತಪ್ಪಿಗೆ ಕೆಂಪು ಗುರುತು, ಸರಿಗೆ ಅಂಕ, ಹಾಳೆ ತಿರುವು. ಬಿಡುವು ಮುಗಿಯುವುದರೊಳಗೆ ಇಪ್ಪತ್ತಾರು ಹಾಳೆ ಮುಗಿದಿದ್ದವು.

ತರಗತಿ ಬಿಟ್ಟ ಮೇಲೆ ಟೆಸ್ಸಾ ತನ್ನ ಹಾಳೆ ಹಿಡಿದು ಮೇಜಿನ ಹತ್ತಿರ ಬಂದಳು. ಹೋದ ವರ್ಷ ಈ ವಿಷಯದಲ್ಲಿ ಮೇಲಿನವರು ತಿದ್ದುವ ಕೊನೇ ಪರೀಕ್ಷೆಯಲ್ಲಿ ಫೇಲಾಗಿ ಇದೇ ತರಗತಿಗೆ ಮತ್ತೆ ಕೂತಿದ್ದಳು ಹುಡುಗಿ. ಅದೇನೂ ಬೇಜಾರಿಲ್ಲ, ಮಿಸ್ ಇದಾರಲ್ಲ ಅಂತ ಎಲ್ಲರ ಹತ್ತಿರ ಹೇಳಿಕೊಂಡಿದ್ದಳಂತೆ.

"ಮಿಸ್, ಏಳನೇದು ಯಾಕೆ ತಪ್ಪು?"

ಒಲೀಟಾ ಹಾಳೆ ತೆಗೆದುಕೊಂಡಳು. ತಾನೇ ತಿದ್ದಿದ ಆ ಉತ್ತರವನ್ನು ಅವಳು ಓದಿದ್ದು ಆಗಲೇ. ಟೆಸ್ಸಾ ಬರೆದಿದ್ದಳು: 'ನಮ್ಮ ಮನೆ ಹಿಂದಿನ ಗುಡ್ಡದ ತಲೆ ತೆಗೆದು ಹಾಕಿದ್ದಾರೆ. ಅಲ್ಲಿ ಮರ ಇಲ್ಲ, ಮಣ್ಣೂ ಇಲ್ಲ, ನೀರು ನಿಲ್ಲುವುದಿಲ್ಲ. ನಮ್ಮ ಅಜ್ಜ ಇದ್ದಾಗ ಇಷ್ಟೇ ಮಳೆ ಬಂದರೂ ಹಳ್ಳ ರಸ್ತೆ ದಾಟುತ್ತಿರಲಿಲ್ಲವಂತೆ. ಹೋದ ವರ್ಷ ನಮ್ಮ ಮನೆಯೊಳಗೆ ನನ್ನ ಎದೆಯವರೆಗೆ ಬಂತು. ನಾನೇ ಅಳೆದೆ.' ಅದರ ಮೇಲೆ ಉದ್ದಕ್ಕೂ ಕೆಂಪು ಗೀಟು.

"ತಪ್ಪು ಅಂತಲ್ಲ ಮಗಾ," ಅಂದಳು ಒಲೀಟಾ. "ನೀನು ಬರೆದಿರೋದು ಸರಿಯಾಗೇ ಇದೆ. ಪಟ್ಟೀಲಿ ಇಲ್ಲ ಅಷ್ಟೆ. ಕೊಡು, ನಾನು ಅಂಕ ಹಾಕ್ತೀನಿ."

"ಬೇಡ ಬಿಡಿ ಮಿಸ್. ಈಗ ಹಾಕಿಸ್ಕೊಂಡ್ರೆ ಕೊನೇ ಪರೀಕ್ಷೇಲಿ ಮತ್ತೆ ಹಿಂಗೇ ಬರೆದುಬಿಡ್ತೀನಿ. ಅದನ್ನ ತಿದ್ದೋರು ನೀವಲ್ಲವಲ್ಲ." ಟೆಸ್ಸಾ ಹಾಳೆಯನ್ನು ವಾಪಸು ತೆಗೆದುಕೊಂಡು ನೀಟಾಗಿ ನಾಲ್ಕಾಗಿ ಮಡಚಿದಳು. ಕೋಪವೇನೂ ಇರಲಿಲ್ಲ ಅವಳಿಗೆ, ಅದೇ ಒಲೀಟಾಳಿಗೆ ತಡೆಯಲಾಗದೆ ಹೋದದ್ದು. "ನೀವು ಹೆಂಗೆ ಪಾಸಾದ್ರಿ ಅಂತ ಹೇಳಿಕೊಡಿ ಮಿಸ್. ನಾನೂ ಹಂಗೇ ಓದ್ತೀನಿ."

ಹುಡುಗಿ ಚೀಲದಿಂದ ಪೆನ್ನು ತೆಗೆದು, ಬರೆದುಕೊಳ್ಳಲು ನೋಟ್‌ಬುಕ್ ಬಿಚ್ಚಿ ಕಾಯುತ್ತ ನಿಂತಳು.